ಹಾಜರಿ ಪುಸ್ತಕ ಮತ್ತು ತಾಯಿಯ ಖಾತೆ: ಷರತ್ತುಬದ್ಧ ನಗದು ವರ್ಗಾವಣೆ ಯೋಜನೆಗಳ ಮೌಲ್ಯಮಾಪನ

ಪೀಠಿಕೆ

ಆದೋನಿಯಲ್ಲಿ ನಡೆದ ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿಯೊಂದರ ಕೊನೆಯ ದಿನ ಓರ್ವ ಶಿಕ್ಷಕಿ ಎದ್ದು ನಿಂತು ತಮ್ಮ ಸಂಕಟವನ್ನು ಹೇಳಿಕೊಂಡರು. ಅವರ ತರಗತಿಯ ಹುಡುಗಿಯೊಬ್ಬಳ ತಾಯಿ ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೊರಡುವ ಮುನ್ನ ಶಾಲೆಗೆ ಬಂದಿದ್ದಳಂತೆ. "ಮೇಡಮ್ಮಾರೇ, ಹುಡುಗೀನ ಒಬ್ಬಾಕೀನ ಬಿಟ್ಟು ಹೆಂಗ ಹೋಗ್ಲಿ? ಕರ್ಕೊಂಡು ಹೋದ್ರ ದುಡ್ಡು ಹೋಗ್ತದ. ನೀವ ದಿನಾ ಹಾಜ್ರಿ ಹಾಕ್ಕೊಂಡು ಹೋಗ್ರಿ" ಎಂದು ಕೈಮುಗಿದು ಬೇಡಿಕೊಂಡಳಂತೆ. "ನಾನು ಏನು ಮಾಡಬೇಕಾಗಿತ್ತು, ಸಾರ್?" ಎಂಬುದು ಶಿಕ್ಷಕಿಯ ಪ್ರಶ್ನೆ. ಸಭೆಯಲ್ಲಿದ್ದವರು ಯಾರೂ ಅದನ್ನು ಹೊಸ ಪ್ರಶ್ನೆಯೆಂದು ಭಾವಿಸಲಿಲ್ಲ. ಕೋಸಿಗಿ, ಕೌತಾಳಂ, ಹೊಳಗುಂದ, ಹಾಲಹರವಿ, ಪೆದ್ದಕಡುಬೂರು ಮಂಡಲಗಳಲ್ಲಿ ಕೆಲಸ ಮಾಡಿದ ಯಾವ ಶಿಕ್ಷಕರಿಗೂ ಅದು ಹೊಸದಲ್ಲ.

ಆ ದಿನ ನಾನು ನೀಡಿದ ಉತ್ತರ ಅವಸರದ್ದಾಗಿತ್ತು. ಸಾವಧಾನದ ಉತ್ತರ ನೀಡಬೇಕಾದರೆ ಇಂತಹ ಯೋಜನೆಗಳು ಹೇಗೆ ಕೆಲಸ ಮಾಡುತ್ತವೆ, ಅವುಗಳ ಫಲವನ್ನು ಅಳೆಯುವುದು ಹೇಗೆ, ಆ ಅಳತೆಯಲ್ಲಿ ನಮ್ಮ ಹಾಜರಿ ಪುಸ್ತಕದ ಸ್ಥಾನವೇನು ಎಂಬುದನ್ನು ಕ್ರಮವಾಗಿ ತಿಳಿಯಬೇಕಾಗುತ್ತದೆ. ಈ ಪಾಠದ ಗುರಿ ಅದೇ ಆಗಿದೆ.

ಪಾಠದ ಉದ್ದೇಶಗಳು

ಈ ಪಾಠವನ್ನು ಅಭ್ಯಸಿಸಿದ ನಂತರ ಶಿಕ್ಷಕರು:
1. ಷರತ್ತುಬದ್ಧ ನಗದು ವರ್ಗಾವಣೆಯ ಸ್ವರೂಪವನ್ನು ವಿವರಿಸಬಲ್ಲವರಾಗುವರು.
2. ಯೋಜನೆಯೊಂದರ ಫಲವನ್ನು ಅಳೆಯಲು ಹೋಲಿಕೆ ಏಕೆ ಬೇಕು ಎಂಬುದನ್ನು ಸ್ಥಳೀಯ ಉದಾಹರಣೆಯೊಂದಿಗೆ ತಿಳಿಸಬಲ್ಲವರಾಗುವರು.
3. ತಮ್ಮ ಶಾಲೆಯ ಹಾಜರಾತಿ ದಾಖಲೆಯಿಂದ ಒಂದು ಸಣ್ಣ ಅಧ್ಯಯನವನ್ನು ಕೈಗೊಳ್ಳಬಲ್ಲವರಾಗುವರು.

1. ಷರತ್ತುಬದ್ಧ ನಗದು ವರ್ಗಾವಣೆ ಎಂದರೇನು?

ಬಡ ಕುಟುಂಬವೊಂದಕ್ಕೆ ಸರಕಾರವು ನೇರವಾಗಿ ಹಣ ನೀಡುವುದು ನಗದು ವರ್ಗಾವಣೆ. ಮಗು ಇಂತಿಷ್ಟು ದಿನ ಶಾಲೆಗೆ ಬರಬೇಕು, ಗರ್ಭಿಣಿಯು ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು ಎಂಬಂತಹ ಕಟ್ಟಳೆಯನ್ನು ಆ ಹಣಕ್ಕೆ ಜೋಡಿಸಿದರೆ ಅದು ಷರತ್ತುಬದ್ಧ ನಗದು ವರ್ಗಾವಣೆಯಾಗುತ್ತದೆ. ಇದರ ಹಿಂದೆ ಎರಡು ಆಶಯಗಳಿವೆ. ಮೊದಲನೆಯದು, ಇಂದಿನ ಬಡತನವನ್ನು ಸ್ವಲ್ಪ ಹಗುರಗೊಳಿಸುವುದು. ಎರಡನೆಯದು, ಮಕ್ಕಳ ಓದು ಮತ್ತು ಆರೋಗ್ಯದ ಮೂಲಕ ಮುಂದಿನ ತಲೆಮಾರಿನ ಬಡತನವನ್ನು ತಡೆಯುವುದು.

ಮೆಕ್ಸಿಕೊ ದೇಶದಲ್ಲಿ 1997ರಲ್ಲಿ ಆರಂಭವಾದ 'ಪ್ರೊಗ್ರೆಸಾ' ಯೋಜನೆಯು ಈ ಬಗೆಯ ಯೋಜನೆಗಳಲ್ಲಿ ಹೆಚ್ಚು ಪ್ರಸಿದ್ಧವಾದುದು. ಬ್ರೆಜಿಲ್ ದೇಶದ 'ಬೋಲ್ಸಾ ಫಮೀಲಿಯಾ' 2003ರಲ್ಲಿ ಬಂದಿತು. ನಮ್ಮ ನೆರೆಯ ಬಾಂಗ್ಲಾದೇಶವು 1994ರಲ್ಲಿಯೇ ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ದೇಶದಾದ್ಯಂತ ವಿದ್ಯಾರ್ಥಿವೇತನ ಆರಂಭಿಸಿ, ಶೇ. 75 ಹಾಜರಾತಿ, ಪರೀಕ್ಷೆಯಲ್ಲಿ ಶೇ. 45 ಅಂಕ ಮತ್ತು ಅವಿವಾಹಿತೆಯಾಗಿ ಉಳಿಯುವುದು ಎಂಬ ಮೂರು ಷರತ್ತುಗಳನ್ನು ಇಟ್ಟಿತು.

ನಮ್ಮ ರಾಜ್ಯದಲ್ಲಿ 2020ರ ಜನವರಿಯಲ್ಲಿ 'ಅಮ್ಮ ಒಡಿ' ಆರಂಭವಾಯಿತು. ಬಡತನದ ರೇಖೆಗಿಂತ ಕೆಳಗಿನ ಕುಟುಂಬದ ತಾಯಿಗೆ, ಒಂದರಿಂದ ಹನ್ನೆರಡನೆಯ ತರಗತಿಯವರೆಗೆ ಓದುವ ಮಕ್ಕಳಲ್ಲಿ ಒಬ್ಬರ ಹೆಸರಿನಲ್ಲಿ ವರ್ಷಕ್ಕೆ 15,000 ರೂಪಾಯಿ ನೀಡುವುದು ಅದರ ಕ್ರಮ. ಸರಕಾರಿ ಶಾಲೆಗಳಿಗೂ ಮಾನ್ಯತೆ ಪಡೆದ ಖಾಸಗಿ ಶಾಲೆಗಳಿಗೂ ಅದು ಅನ್ವಯಿಸುತ್ತಿತ್ತು. ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ತಾಯಂದಿರ ಖಾತೆಗೆ ಹಣ ಜಮೆಯಾಯಿತು. ಶೇ. 75 ಹಾಜರಾತಿ ಬೇಕೆಂಬ ಷರತ್ತನ್ನು ಆರಂಭದಲ್ಲಿ ಸಡಿಲಿಸಲಾಯಿತು. ಕೊರೋನಾ ಕಾಲ ಕಳೆದ ಮೇಲೆ, 2022ರ ಜೂನ್ ಕಂತಿನ ವೇಳೆಗೆ, ಅದು ಜಾರಿಗೆ ಬಂದಿತು. ಶಾಲೆ ಮತ್ತು ಶೌಚಾಲಯಗಳ ನಿರ್ವಹಣೆಗೆ 2,000 ಕಳೆದು ತಾಯಿಯ ಕೈಗೆ 13,000 ರೂಪಾಯಿ ಬರುವ ಕ್ರಮವೂ ಆಗ ನೆಲೆಗೊಂಡಿತು. 2023ರ ಜೂನ್ ಕಂತಿನ ನಂತರ ಎರಡು ವರ್ಷ ಹಣ ಬರಲಿಲ್ಲ. 2025ರ ಜೂನ್‌ನಲ್ಲಿ 'ತಲ್ಲಿಕಿ ವಂದನಂ' ಎಂಬ ಹೆಸರಿನಲ್ಲಿ ಯೋಜನೆ ಮತ್ತೆ ಬಂದಾಗ ಮುಖ್ಯ ಬದಲಾವಣೆಯೊಂದು ಆಗಿತ್ತು. ಕುಟುಂಬದ ಒಂದು ಮಗುವಿಗೆ ಬದಲಾಗಿ ಓದುವ ಎಲ್ಲ ಮಕ್ಕಳಿಗೂ ಹಣ ದೊರೆಯತೊಡಗಿತು. ಈ ಬದಲಾವಣೆಯು ನಮ್ಮ ಅಧ್ಯಯನಕ್ಕೆ ಹೇಗೆ ಉಪಯುಕ್ತ ಎಂಬುದನ್ನು ಮುಂದೆ ನೋಡೋಣ.

2. ಮೌಲ್ಯಮಾಪನದ ಮೂಲಪ್ರಶ್ನೆ

ಯೋಜನೆ ಬಂದ ಮೇಲೆ ದಾಖಲಾತಿ ಏರಿದರೆ ಯೋಜನೆ ಫಲಿಸಿತು ಎನ್ನುವುದು ವಾಡಿಕೆ. ಈ ತೀರ್ಮಾನ ಅವಸರದ್ದು. 2020ರಲ್ಲಿ ಅಮ್ಮ ಒಡಿಯ ಜೊತೆಯಲ್ಲಿಯೇ 'ನಾಡು-ನೇಡು' ಕಾರ್ಯಕ್ರಮದಲ್ಲಿ ಶಾಲಾ ಕಟ್ಟಡಗಳು ದುರಸ್ತಿಯಾದವು. ಮಧ್ಯಾಹ್ನದ ಊಟದ ಪಟ್ಟಿ ಬದಲಾಯಿತು. ಪುಸ್ತಕ, ಸಮವಸ್ತ್ರ, ಚೀಲಗಳ ಕಿಟ್ ಬಂದಿತು. ಅದೇ ವರ್ಷದ ಮಾರ್ಚ್‌ನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದವು. ಹಲವರು ಖಾಸಗಿ ಶಾಲೆ ಬಿಡಿಸಿ ಮಕ್ಕಳನ್ನು ನಮ್ಮಲ್ಲಿಗೆ ಕರೆತಂದರು. ಇಷ್ಟೆಲ್ಲ ಒಟ್ಟಿಗೆ ನಡೆದಾಗ, ಹಿಂದಿನ ವರ್ಷಕ್ಕೂ ಮುಂದಿನ ವರ್ಷಕ್ಕೂ ಇರುವ ವ್ಯತ್ಯಾಸವನ್ನೆಲ್ಲ ತಾಯಿಯ ಖಾತೆಗೆ ಬಂದ ಹಣದ ಲೆಕ್ಕಕ್ಕೆ ಬರೆಯಲಾಗದು.

ಆದುದರಿಂದ ಮೌಲ್ಯಮಾಪಕರು ಕೇಳುವ ಪ್ರಶ್ನೆಯೇ ಬೇರೆ: ಯೋಜನೆ ಇಲ್ಲದಿದ್ದರೆ ಇದೇ ಮಕ್ಕಳು ಏನು ಮಾಡುತ್ತಿದ್ದರು? ಇದನ್ನು ಯಾರೂ ಕಣ್ಣಾರೆ ಕಾಣಲಾರರು. ಒಂದೇ ಮಗು ಒಂದೇ ವರ್ಷದಲ್ಲಿ ಹಣ ಪಡೆದೂ ಪಡೆಯದೆಯೂ ಇರಲಾರದು. ಹಾಗಾಗಿ ಇತರ ಎಲ್ಲ ರೀತಿಯಲ್ಲಿ ಆ ಮಕ್ಕಳನ್ನೇ ಹೋಲುವ, ಆದರೆ ಹಣ ಪಡೆಯದ ಮತ್ತೊಂದು ಗುಂಪನ್ನು ಹುಡುಕಬೇಕಾಗುತ್ತದೆ. ಅದನ್ನು ಹೋಲಿಕೆ ಗುಂಪು ಎನ್ನುತ್ತಾರೆ.

ಮೆಕ್ಸಿಕೊ ಇದನ್ನು ಯೋಜನೆಯ ಆರಂಭದಲ್ಲಿಯೇ ಏರ್ಪಡಿಸಿಕೊಂಡಿತು. ಎಲ್ಲ ಹಳ್ಳಿಗಳಿಗೂ ಒಮ್ಮೆಗೇ ಹಣ ಕೊಡಲಾಗದ ಕಾರಣ, ಅಧ್ಯಯನಕ್ಕೆ ಆಯ್ದ 506 ಹಳ್ಳಿಗಳಲ್ಲಿ ಚೀಟಿ ಎತ್ತಿದಂತೆ ಆರಿಸಿ 320ಕ್ಕೆ ಮೊದಲು ಹಣ ನೀಡಿದರು. ಉಳಿದ 186 ಹಳ್ಳಿಗಳಿಗೆ ಸುಮಾರು ಒಂದೂವರೆ ವರ್ಷ ತಡವಾಗಿ ನೀಡಿದರು. ಯಾರ ಶಿಫಾರಸೂ ಇಲ್ಲದೆ ಆಯ್ಕೆ ನಡೆದುದರಿಂದ ಎರಡೂ ಗುಂಪುಗಳು ಆರಂಭದಲ್ಲಿ ಸಮಾನವಾಗಿದ್ದವು. ನಂತರ ಕಂಡ ವ್ಯತ್ಯಾಸ ಹಣದ ಫಲವೆಂದು ಧೈರ್ಯವಾಗಿ ಹೇಳಬಹುದಾಯಿತು. ಪ್ರಾಥಮಿಕ ಹಂತದಲ್ಲಿ ಮೊದಲೇ ಬಹುಪಾಲು ಮಕ್ಕಳು ಶಾಲೆಯಲ್ಲಿದ್ದುದರಿಂದ ಅಲ್ಲಿ ಹೆಚ್ಚಿನ ಬದಲಾವಣೆ ಕಾಣಲಿಲ್ಲ. ಆರನೆಯ ತರಗತಿ ಮುಗಿಸಿ ಮುಂದಿನ ಶಾಲೆಗೆ ದಾಟುವ ಹಂತದಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳಲ್ಲಿ, ಫಲ ಎದ್ದು ಕಂಡಿತು. ಆದರೆ ಆರಂಭದ ವರ್ಷಗಳ ಪರೀಕ್ಷಾ ಅಂಕಗಳಲ್ಲಿ ಹೇಳಿಕೊಳ್ಳುವಂತಹ ಏರಿಕೆ ಕಾಣಲಿಲ್ಲ. ಮಗುವನ್ನು ಶಾಲೆಗೆ ತರುವುದು ಒಂದು ಕೆಲಸ, ಕಲಿಸುವುದು ಮತ್ತೊಂದು ಕೆಲಸ ಎಂಬ ನಮ್ಮ ಅನುಭವಕ್ಕೆ ಇದು ಹೊಂದುತ್ತದೆ.

ಚೀಟಿ ಎತ್ತುವ ಅವಕಾಶವಿಲ್ಲದಿದ್ದಲ್ಲಿಯೂ ಹೋಲಿಕೆ ಸಾಧ್ಯ. ಬಿಹಾರ ಸರಕಾರವು 2006ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಬೈಸಿಕಲ್ ಕೊಳ್ಳಲು ಹಣ ನೀಡಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಬಿಹಾರದ ಹುಡುಗಿಯರನ್ನು ಅಲ್ಲಿನ ಹುಡುಗರೊಂದಿಗೆ ಹೋಲಿಸಿದರು. ಅದೇ ಹೋಲಿಕೆಯನ್ನು ನೆರೆಯ ಝಾರ್ಖಂಡ್‌ನಲ್ಲಿಯೂ ಮಾಡಿ ಎರಡರ ನಡುವಿನ ಅಂತರವನ್ನು ಲೆಕ್ಕ ಹಾಕಿದರು. 2000ನೆಯ ಇಸವಿಯವರೆಗೆ ಅವೆರಡೂ ಒಂದೇ ರಾಜ್ಯವಾಗಿದ್ದುದರಿಂದ ಹೋಲಿಕೆಗೆ ಬಲ ಬಂದಿತು. ಹುಡುಗಿಯರ ಪ್ರೌಢಶಾಲಾ ದಾಖಲಾತಿ ಗಣನೀಯವಾಗಿ ಏರಿದ್ದು, ಪ್ರೌಢಶಾಲೆ ದೂರವಿದ್ದ ಹಳ್ಳಿಗಳಲ್ಲಿ ಆ ಏರಿಕೆ ಹೆಚ್ಚಾಗಿದ್ದುದು ಸ್ಪಷ್ಟವಾಯಿತು.

3. ನಮ್ಮ ತರಗತಿಯ ಮೂರು ಮಕ್ಕಳು

ಈಗ ನಮ್ಮ ತರಗತಿಗೆ ಬರೋಣ. ಶಾಲೆಯ ಕೆಲಸದ ದಿನಗಳು 220 ಎಂದು ಇಟ್ಟುಕೊಂಡರೆ ಶೇ. 75 ಎಂದರೆ 165 ದಿನ. ಮಗು 55 ದಿನಗಳವರೆಗೆ ಗೈರಾಗಬಹುದು. ಮೂವರು ಮಕ್ಕಳನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಿ.

ಮೊದಲನೆಯ ಮಗುವಿನ ಮನೆ ಶಾಲೆಯ ಪಕ್ಕದಲ್ಲಿದೆ. ತಂದೆಗೆ ಊರಿನಲ್ಲಿಯೇ ಕೆಲಸವಿದೆ. ಮಗು 212 ದಿನ ಬರುತ್ತದೆ. ಹಣ ಬರಲಿ, ಬಾರದಿರಲಿ, ಈ ಮಗು ಬರುತ್ತಿತ್ತು. ಹಣದಿಂದ ಆ ಮನೆಗೆ ಅನುಕೂಲವಾಯಿತೇ ಹೊರತು ಹಾಜರಾತಿಗೆ ಹೊಸದಾಗಿ ಏನೂ ಸೇರಲಿಲ್ಲ.

ಎರಡನೆಯ ಮಗು ಹತ್ತಿ ಬಿಡಿಸುವ ಕಾಲದಲ್ಲಿ ಆಗಾಗ್ಗೆ ಹೊಲಕ್ಕೆ ಹೋಗುತ್ತದೆ. ಉಳಿದ ದಿನಗಳಲ್ಲಿ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ನಿಲ್ಲುವುದುಂಟು. ಯೋಜನೆಗೆ ಮುಂಚೆ ಅದು 150 ದಿನ ಬರುತ್ತಿತ್ತು. 165ರ ಗೆರೆ ಹತ್ತಿರದಲ್ಲಿಯೇ ಇರುವುದರಿಂದ ತಾಯಿ ಎಚ್ಚರ ವಹಿಸಿ 170 ದಿನ ಕಳುಹಿಸುತ್ತಾಳೆ. ಷರತ್ತಿನ ನಿಜವಾದ ಫಲ ಇಲ್ಲಿದೆ.

ಮೂರನೆಯ ಮಗುವಿನ ಕುಟುಂಬ ಸುಗ್ಗಿ ಮುಗಿಸಿ ಗುಳೆ ಹೋಗುತ್ತದೆ. ಯುಗಾದಿಯ ಹೊತ್ತಿಗೆ ಮರಳುತ್ತದೆ. ಮಗುವಿಗೆ 80 ದಿನ ತಪ್ಪುತ್ತದೆ. ಊರಿನಲ್ಲಿರುವಷ್ಟು ಕಾಲ ಒಂದು ದಿನವೂ ತಪ್ಪದೆ ಬಂದರೂ 140 ದಿನ, ಅಂದರೆ ಶೇ. 64ಕ್ಕೂ ಕಡಿಮೆ. ಎಷ್ಟು ಪ್ರಯತ್ನಿಸಿದರೂ ಗೆರೆ ಮುಟ್ಟಲಾಗದು ಎಂದು ತಿಳಿದ ಮೇಲೆ ಊರಿನಲ್ಲಿರುವ ದಿನಗಳಲ್ಲಿಯೂ ಕಳುಹಿಸಬೇಕೆಂಬ ಒತ್ತಾಸೆ ಷರತ್ತಿನಿಂದ ಹುಟ್ಟುವುದಿಲ್ಲ. ಮೂವರಲ್ಲಿ ಅತ್ಯಂತ ಬಡ ಮಗು ಇದೇ. ಹಣ ತಪ್ಪುವುದೂ ಇದಕ್ಕೇ.

ಇಲ್ಲಿ ಹಣದ ಮೊತ್ತವನ್ನೂ ಕಾಲವನ್ನೂ ಗಮನಿಸಬೇಕು. ದಿನಗೂಲಿ 400 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಂಡರೂ ಗಂಡಹೆಂಡತಿ ಇಬ್ಬರ 80 ದಿನದ ದುಡಿಮೆ 64,000 ರೂಪಾಯಿಯಾಗುತ್ತದೆ. ವರ್ಷಕ್ಕೆ 13,000ದ ಆಸೆಗೆ ಯಾವ ಕುಟುಂಬವೂ ಆ ದುಡಿಮೆಯನ್ನು ಬಿಡಲಾರದು. ಹಣ ಬರುವುದು ಜೂನ್‌ನಲ್ಲಿ; ಹತ್ತಿ, ಶೇಂಗಾ ಬಿತ್ತನೆಯ ಕಾಲದಲ್ಲಿ ಅದು ಬೀಜ ಗೊಬ್ಬರಕ್ಕೆ ಸಲ್ಲುವುದು ಸಹಜ. ಗುಳೆಯ ನಿರ್ಧಾರವಾಗುವುದು ನವೆಂಬರ್, ಡಿಸೆಂಬರ್‌ನಲ್ಲಿ. ಆ ಹೊತ್ತಿಗೆ ಕೈ ಬರಿದಾಗಿರುತ್ತದೆ. ಇನ್ನು ಮಗುವನ್ನು ಜೊತೆಗೆ ಒಯ್ಯುವುದು ಬಹುಮಟ್ಟಿಗೆ ಅದರ ಕೂಲಿಗಾಗಿ ಅಲ್ಲ, ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದ ಕಾರಣಕ್ಕೆ. ಪೀಠಿಕೆಯ ತಾಯಿ ಹೇಳಿದ್ದೂ ಅದನ್ನೇ.

ವಲಸೆ ಹೋದ ಊರಿನಲ್ಲಿ ಶಾಲೆಗೆ ಸೇರಿಸಬಹುದಲ್ಲವೇ ಎಂಬ ಪ್ರಶ್ನೆ ಏಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಸ್ಥಳೀಯ ಆಡಳಿತದ ಹೊಣೆಯೆಂದು ವಿಧಿಸಿದೆ. ಆದರೆ ಕನ್ನಡದಲ್ಲಿ ಮೂರನೆಯ ತರಗತಿ ಓದುತ್ತಿರುವ ಮಗುವಿಗೆ ಗುಂಟೂರಿನ ಕಡೆಯ ಹಳ್ಳಿಯಲ್ಲಿ ದೊರೆಯುವುದು ತೆಲುಗು ಅಥವಾ ಇಂಗ್ಲಿಷ್ ಪುಸ್ತಕ. ಮೂರು ತಿಂಗಳ ಮಟ್ಟಿಗೆ ಬೇರೆ ಲಿಪಿಯ ಪುಸ್ತಕವನ್ನು ಎದುರಿಸುವ ಮಗು ಅಲ್ಲಿಯೂ ಕಲಿಯದೆ, ಇಲ್ಲಿಯೂ ಹಿಂದೆ ಬೀಳುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ವಲಸೆಯು ಹೀಗೆ ಇಮ್ಮಡಿ ಹೊರೆ.

4. ಷರತ್ತು ಬೇಕೇ ಬೇಕೆ?

ಈ ಪ್ರಶ್ನೆಗೆ ಜಗತ್ತಿನ ಎರಡು ಅಧ್ಯಯನಗಳು ನೆರವಾಗುತ್ತವೆ. ಆಫ್ರಿಕಾ ಖಂಡದ ಮಲಾವಿ ದೇಶದ ಜೊಂಬಾ ಜಿಲ್ಲೆಯಲ್ಲಿ 2008ರಿಂದ ಎರಡು ವರ್ಷ ಕೆಲವು ಹುಡುಗಿಯರಿಗೆ ಹಾಜರಾತಿಯ ಷರತ್ತಿನೊಂದಿಗೆ, ಕೆಲವರಿಗೆ ಷರತ್ತಿಲ್ಲದೆ ಹಣ ನೀಡಿ ನೋಡಿದರು. ಶಾಲೆ ಬಿಡುವುದನ್ನು ತಡೆಯುವಲ್ಲಿ ಷರತ್ತಿನ ಹಣ ಮೇಲಾಯಿತು. ಷರತ್ತಿಲ್ಲದ ಹಣದ ಫಲ ಅದರ ಅರ್ಧಕ್ಕಿಂತ ಕಡಿಮೆಯಿತ್ತು. ಆದರೆ ಬಾಲ್ಯದ ಮದುವೆ ಮತ್ತು ಗರ್ಭಧಾರಣೆಯನ್ನು ತಡೆಯುವಲ್ಲಿ ಷರತ್ತಿಲ್ಲದ ಹಣವೇ ಮೇಲಾಯಿತು. ಏಕೆಂದರೆ ಶಾಲೆ ಬಿಟ್ಟ ಹುಡುಗಿಯ ಕೈಗೂ ಅದು ತಲುಪುತ್ತಿತ್ತು. ಮೊರಾಕ್ಕೊ ದೇಶದ ಹಳ್ಳಿಗಳಲ್ಲಿ ನಡೆದ ಪ್ರಯೋಗದಲ್ಲಿ "ಇದು ಮಕ್ಕಳ ಓದಿಗೆ ಕೊಟ್ಟ ಹಣ" ಎಂದು ತಿಳಿಸಿ, ಹಾಜರಾತಿಯನ್ನು ಲೆಕ್ಕಿಸದೆ ಕೊಟ್ಟರೂ ಮಕ್ಕಳು ಶಾಲೆಯಲ್ಲಿ ಉಳಿದರು. ಷರತ್ತು ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಸಲ್ಲುವ ಒಂದೇ ಉತ್ತರವಿಲ್ಲ ಎಂಬುದು ಇದರಿಂದ ತಿಳಿದುಬರುತ್ತದೆ.

ನಮ್ಮ ಗಡಿಯಲ್ಲಿಯೇ ಇಂತಹ ಹೋಲಿಕೆಯೊಂದನ್ನು ಊಹಿಸಬಹುದು. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಇಂದು ಹೊಳಗುಂದದ ಕಡೆಯ ತಾಯಿಗೆ ಷರತ್ತಿನೊಂದಿಗೆ ವರ್ಷಕ್ಕೊಮ್ಮೆ ಹಣ ಬರುತ್ತದೆ. ಗಡಿಯಾಚೆಯ ಸಿರುಗುಪ್ಪದ ಕಡೆಯ ಮನೆಯೊಡತಿಗೆ 2023ರಿಂದ ಕರ್ನಾಟಕದ 'ಗೃಹಲಕ್ಷ್ಮಿ' ಯೋಜನೆಯಡಿ, ಹಾಜರಾತಿಯ ಷರತ್ತಿಲ್ಲದೆ, ತಿಂಗಳಿಗೆ 2,000 ರೂಪಾಯಿ ನಿಗದಿಯಾಗಿದೆ. ಇಲ್ಲಿನ ಮಕ್ಕಳನ್ನೂ ಅಲ್ಲಿನ ಮಕ್ಕಳನ್ನೂ ಹೋಲಿಸಿದರೆ ಸಾಕಲ್ಲವೇ ಎನ್ನಿಸಬಹುದು. ಆದರೆ ಸಿರುಗುಪ್ಪದಲ್ಲಿ ತುಂಗಭದ್ರಾ ಕಾಲುವೆಯ ಭತ್ತದ ಗದ್ದೆಗಳು ವಿಸ್ತಾರವಾಗಿವೆ. ನಮ್ಮ ಬಹುಪಾಲು ಊರುಗಳು ಮಳೆಯನ್ನೇ ನಂಬಿವೆ. ಗುಳೆ ಕಡಿಮೆಯಾದುದು ನೀರಿನಿಂದಲೋ ಹಣದಿಂದಲೋ ಎಂಬುದನ್ನು ಬೇರ್ಪಡಿಸದೆ ತೀರ್ಪು ನೀಡಲಾಗದು. ಭಾಷೆ ಒಂದೇ, ನೆಂಟಸ್ತಿಕೆ ಒಂದೇ ಎಂದ ಮಾತ್ರಕ್ಕೆ ಹೋಲಿಕೆ ಸರಿಯಾಗುವುದಿಲ್ಲ.

5. ಅಳತೆಗೋಲೇ ಬಾಗಿದರೆ

ಮಲಾವಿಯ ಅಧ್ಯಯನದಲ್ಲಿ ಗಮನಾರ್ಹವಾದ ಮತ್ತೊಂದು ಅಂಶವಿದೆ. "ನೀನು ಶಾಲೆಗೆ ಹೋಗುತ್ತಿದ್ದೀಯಾ?" ಎಂದು ಹುಡುಗಿಯರನ್ನೇ ಕೇಳಿದಾಗ ಎರಡು ಬಗೆಯ ಹಣದ ಫಲವೂ ಹೆಚ್ಚುಕಡಿಮೆ ಒಂದೇ ಎಂಬಂತೆ ಕಂಡಿತು. ಶಿಕ್ಷಕರನ್ನು ವಿಚಾರಿಸಿ ಶಾಲೆಯ ದಾಖಲೆಯೊಂದಿಗೆ ತಾಳೆ ನೋಡಿದ ಮೇಲೆಯೇ ನಿಜವಾದ ಅಂತರ ತಿಳಿಯಿತು. ಶಾಲೆಯ ದಾಖಲೆ ನಂಬಲರ್ಹವಾಗಿದ್ದುದರಿಂದ ಸತ್ಯ ಹೊರಬಂದಿತು. ಆ ದಾಖಲೆಯೇ ನಂಬಲರ್ಹವಲ್ಲದಿದ್ದರೆ?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಕೇಂದ್ರ ಸರಕಾರವು 1995ರ ಆಗಸ್ಟ್ 15ರಂದು ಮಧ್ಯಾಹ್ನದ ಊಟದ ಕಾರ್ಯಕ್ರಮ ಆರಂಭಿಸಿದಾಗ ನಮ್ಮಲ್ಲಿ ಬೇಯಿಸಿದ ಊಟವಿರಲಿಲ್ಲ. ಶೇ. 80 ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಅಕ್ಕಿ ಕೊಡುವ ಕ್ರಮವಿತ್ತು. ಆಗ ಎಳೆಯ ಶಿಕ್ಷಕನಾಗಿದ್ದ ನಾನು ಗುಳೆ ಹೋದ ಮನೆಗಳ ಮಕ್ಕಳಿಗೂ ಹಾಜರಿ ಹಾಕಿದೆ. ಊರಿನಲ್ಲಿ ಉಳಿದ ಅಜ್ಜಿ ಬಂದು ಅಕ್ಕಿ ಒಯ್ಯುತ್ತಿದ್ದಳು. ಕಣ್ಣೆದುರಿಗಿನ ಹಸಿವಿಗೆ ನಾನು ಮಾಡಿದ ಉಪಕಾರವದು ಎಂದು ಭಾವಿಸಿದ್ದೆ. ಕೆಲವು ವರ್ಷಗಳ ನಂತರ ಶಾಲೆಯಿಂದ ದೂರ ಉಳಿದ ಮಕ್ಕಳಿಗಾಗಿ ವಿಶೇಷ ಕೇಂದ್ರಗಳನ್ನು ತೆರೆಯಲು ಊರೂರಿನ ಹಾಜರಾತಿ ಅಂಕಿಗಳನ್ನು ಕೇಳಿದರು. ನನ್ನ ಪುಸ್ತಕದ ಪ್ರಕಾರ ನಮ್ಮ ಊರಿನಲ್ಲಿ ಅಂತಹ ಮಗುವೇ ಇರಲಿಲ್ಲ. ಕೇಂದ್ರ ಬೇರೆ ಊರಿಗೆ ಹೋಯಿತು. ಅಜ್ಜಿಗೆ ಅಕ್ಕಿ ಸಿಕ್ಕಿತು. ಮಕ್ಕಳು ಏಳನೆಯ ತರಗತಿ ದಾಟದೆ ಮೆಣಸಿನಕಾಯಿ ಹೊಲಕ್ಕೇ ಸಂದರು. ಅವರಲ್ಲಿ ಕೆಲವರು ಇಂದು ತಮ್ಮ ಮಕ್ಕಳನ್ನು ಕರೆದುಕೊಂಡು ಅದೇ ಹಾದಿಯಲ್ಲಿ ಹೋಗುವುದನ್ನು ಕಂಡಾಗ ಆ ಹಾಜರಿ ಪುಸ್ತಕ ನೆನಪಾಗುತ್ತದೆ.

ಆ ಅನುಭವದಿಂದ ಮತ್ತೊಂದು ಪಾಠವೂ ಇದೆ. 2003ರಲ್ಲಿ ನಮ್ಮ ರಾಜ್ಯದಲ್ಲಿ ಬೇಯಿಸಿದ ಊಟ ಬಂದ ಮೇಲೆ ಹಾಜರಿಯ ಲೆಕ್ಕವನ್ನು ಆಧರಿಸಿ ಅಕ್ಕಿ ಹಂಚುವ ಅಗತ್ಯ ಉಳಿಯಲಿಲ್ಲ. ಬಂದ ದಿನ ಮಗುವಿಗೆ ಊಟ ಸಿಗುತ್ತದೆ, ಬಾರದ ದಿನ ಸಿಗುವುದಿಲ್ಲ. ತಿಂಗಳ ಕೊನೆಯಲ್ಲಿ ಗೆರೆ ದಾಟಿತೇ ಇಲ್ಲವೇ ಎಂದು ಶಿಕ್ಷಕನು ತೀರ್ಮಾನಿಸಬೇಕಾಗಿಲ್ಲ. 140 ದಿನ ಬರುವ ಮಗುವಿಗೂ ಅಷ್ಟು ದಿನದ ಪ್ರಯೋಜನ ದೊರೆಯುತ್ತದೆ. ಶೇ. 75ರ ಒಂದೇ ಗೆರೆಯ ಬದಲು ಹಾಜರಾದ ದಿನಗಳಿಗೆ ಅನುಗುಣವಾಗಿ ಹಣವನ್ನು ನಿಗದಿಪಡಿಸಿದರೆ ಮೂರನೆಯ ಮಗುವಿಗೂ ಒತ್ತಾಸೆ ದೊರೆಯಬಹುದು ಎಂಬುದು ನನ್ನ ಅಭಿಪ್ರಾಯ. ಇದನ್ನೂ ಪರೀಕ್ಷಿಸಿಯೇ ಒಪ್ಪಬೇಕು.

ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇನ್ನೊಂದು ಭಯವೂ ಇದೆ. ಗೈರು ಬರೆದರೆ ಸಂಖ್ಯೆ ಕುಸಿದೀತು, ಸಂಖ್ಯೆ ಕುಸಿದರೆ ಹುದ್ದೆ ಹೋದೀತು, ಕೊನೆಗೆ ಕನ್ನಡ ವಿಭಾಗವೇ ಉಳಿಯದೆ ಹೋದೀತು ಎಂಬ ಭಯವದು. ಅದು ನಿರಾಧಾರವಲ್ಲ. ಆದರೆ ಗುಳೆ ಹೋಗಿ ಬರುವ ಮಗು ಶಾಲೆ ಬಿಟ್ಟ ಮಗುವಲ್ಲ. ಅದರ ಹೆಸರು ದಾಖಲಾತಿಯಲ್ಲಿ ಇರಬೇಕು; ಹಾಜರಾತಿಯಲ್ಲಿ ಮಾತ್ರ ನಿಜ ಇರಬೇಕು. ಈ ಎರಡನ್ನೂ ಬೆರೆಸದೆ ಬರೆದರೆ ಶಾಲೆಯ ಸಂಖ್ಯೆಯೂ ಉಳಿಯುತ್ತದೆ, ಊರಿನ ಅಗತ್ಯವೂ ಕಾಣುತ್ತದೆ.

6. ಶಿಕ್ಷಕರು ಮಾಡಬಹುದಾದುದು

ಪೀಠಿಕೆಯ ಶಿಕ್ಷಕಿಗೆ ನಾನು ಇಂದು ನೀಡುವ ಉತ್ತರ ಹೀಗಿದೆ. ಸುಳ್ಳು ಹಾಜರಿ ಹಾಕಬಾರದು. ಈ ಉತ್ತರದಿಂದ ಆ ತಾಯಿಗೆ ಆ ವರ್ಷ ಆಗುವ ನಷ್ಟ ತುಂಬುವುದಿಲ್ಲ ಎಂಬುದನ್ನು ಮರೆಮಾಚಬಾರದು. ಆದರೆ ಆಕೆ ಡಿಸೆಂಬರ್‌ನಲ್ಲಿ ಬಂದು ಕೈಮುಗಿಯುವ ಮೊದಲೇ ನಾವು ಮಾಡಬಹುದಾದ ಕೆಲಸಗಳಿವೆ.

ಮೊದಲನೆಯದು, ಜೂನ್ ತಿಂಗಳ ಪೋಷಕರ ಸಭೆಯಲ್ಲಿಯೇ 55 ದಿನಗಳ ಲೆಕ್ಕವನ್ನು ಮನಗಾಣಿಸಿ, ಪ್ರತಿ ತಿಂಗಳೂ ಎಷ್ಟು ದಿನ ಉಳಿದಿದೆ ಎಂದು ತಾಯಿಗೆ ತಿಳಿಸುವುದು. ಎರಡನೆಯ ಮಗುವಿನಂತಹವರಿಗೆ ಇದು ಬಹಳ ಉಪಕಾರಿ.

ಎರಡನೆಯದು, ದಸರೆಗೆ ಮುಂಚೆ ಗುಳೆ ಹೋಗುವ ಕುಟುಂಬಗಳ ಪಟ್ಟಿ ಸಿದ್ಧಪಡಿಸುವುದು. ಹೋಗುವ ಊರು, ಹೊರಡುವ ತಿಂಗಳು, ಮಗುವನ್ನು ನೋಡಿಕೊಳ್ಳುವವರು ಇದ್ದಾರೆಯೇ ಎಂಬುದನ್ನು ಬರೆದು ಮಂಡಲ ವಿದ್ಯಾಧಿಕಾರಿಗಳಿಗೆ ಸಲ್ಲಿಸಬೇಕು. ಪೋಷಕರು ಹೊರಗಿರುವ ಅವಧಿಗೆ ಮಕ್ಕಳನ್ನು ಊರಿನಲ್ಲಿಯೇ ಉಳಿಸಿಕೊಳ್ಳುವ ಋತುಕಾಲಿಕ ವಸತಿ ನಿಲಯಗಳಿಗೆ ಸಮಗ್ರ ಶಿಕ್ಷಾ ಕಾರ್ಯಕ್ರಮದಲ್ಲಿ ಅವಕಾಶವಿದೆ. ಅದನ್ನು ಕೇಳಲು ಸಂಖ್ಯೆಯ ಆಧಾರ ಬೇಕು. ಮೂರನೆಯ ಮಗುವಿಗೆ ಹಣಕ್ಕಿಂತ ಮೊದಲು ಬೇಕಾದುದು ರಾತ್ರಿ ಮಲಗುವ ಸುರಕ್ಷಿತ ಜಾಗ ಮತ್ತು ಊಟ. ಕನ್ನಡ ಪುಸ್ತಕವೂ ಕೈತಪ್ಪದಂತೆ ಉಳಿಯುವುದು ಅದರಿಂದಲೇ.

ಮೂರನೆಯದು, ದಾಖಲೆಗಳ ಹೊಂದಾಣಿಕೆ. ಶಾಲೆಯ ಕನ್ನಡ ದಾಖಲೆಯಲ್ಲಿ 'ಹುಲಿಗೆಮ್ಮ' ಎಂದಿರುವ ಹೆಸರು ಆಧಾರ್ ಕಾರ್ಡಿನ ತೆಲುಗಿನಲ್ಲಿ 'ಉಲಿಗಮ್ಮ' ಆಗಿರಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ಮೂರನೆಯ ರೂಪ ತಾಳಿರಬಹುದು. ಹಾಜರಾತಿ ಪೂರ್ಣವಿದ್ದೂ ಹೆಸರು ಹೊಂದದ ಕಾರಣಕ್ಕೆ ಹಣ ತಪ್ಪದಂತೆ ವರ್ಷಾರಂಭದಲ್ಲಿಯೇ ಪರಿಶೀಲಿಸಬೇಕು. ಹೀಗೆ ತಪ್ಪಿದವರನ್ನು ಷರತ್ತು ಪೂರೈಸದವರ ಲೆಕ್ಕಕ್ಕೆ ಸೇರಿಸಿದರೆ ಮೌಲ್ಯಮಾಪನವೂ ತಪ್ಪುತ್ತದೆ.

ನಾಲ್ಕನೆಯದು, ಶಾಲಾ ಮಟ್ಟದ ಸಣ್ಣ ಅಧ್ಯಯನ. 2023ರವರೆಗೆ ಕುಟುಂಬದ ಒಂದು ಮಗುವಿಗೆ ಮಾತ್ರ ಹಣ ಬರುತ್ತಿತ್ತು. 2025ರಿಂದ ಎಲ್ಲ ಮಕ್ಕಳಿಗೂ ಬರುತ್ತಿದೆ. ಹಾಗಾದರೆ ಹಿಂದೆ ಹಣ ಪಡೆಯದಿದ್ದ ತಮ್ಮ, ತಂಗಿಯರ ಹಾಜರಾತಿ ಏರಿದೆಯೇ? ಉದಾಹರಣೆಗೆ, ಹಿಂದಿನಿಂದಲೂ ಹಣ ಪಡೆದ ಮಕ್ಕಳ ಸರಾಸರಿ ಹಾಜರಾತಿ ಶೇ. 82ರಿಂದ 84ಕ್ಕೆ, ಹೊಸದಾಗಿ ಪಡೆದವರದು ಶೇ. 70ರಿಂದ 77ಕ್ಕೆ ಏರಿತು ಎಂದುಕೊಳ್ಳಿ. ಮೊದಲ ಗುಂಪಿನ 2 ಅಂಶಗಳ ಏರಿಕೆ ಮಳೆ, ಊಟ, ಹೊಸ ಶಿಕ್ಷಕರು ಮುಂತಾದ ಸಾಮಾನ್ಯ ಕಾರಣಗಳದ್ದು. ಎರಡನೆಯ ಗುಂಪಿನ 7ರಿಂದ ಅದನ್ನು ಕಳೆದರೆ ಉಳಿಯುವ 5 ಅಂಶಗಳನ್ನು ಹಣದ ಫಲವೆಂದು ಅಂದಾಜು ಮಾಡಬಹುದು. ಒಂದು ಶಾಲೆಯ ಮಕ್ಕಳ ಸಂಖ್ಯೆ ಕಡಿಮೆಯಿರುವುದರಿಂದ ಹತ್ತಾರು ಶಾಲೆಗಳ ಅಂಕಿಗಳನ್ನು ಸ್ಕೂಲ್ ಕಾಂಪ್ಲೆಕ್ಸ್ ಸಭೆಯಲ್ಲಿ ಕೂಡಿಸಿ, ಒಂದೇ ವಯಸ್ಸಿನ ಮಕ್ಕಳನ್ನು ಹೋಲಿಸುವುದು ಸೂಕ್ತ. ಹಿಂದೆ ಹಣ ಬರುತ್ತಿದ್ದ ಮಗುವಿನ ಹೆಸರಿನಲ್ಲಿ ಮಾತ್ರ ಉದಾರವಾಗಿ ಹಾಜರಿ ಹಾಕಿದ್ದರೆ ಈ ಲೆಕ್ಕವೆಲ್ಲ ವ್ಯರ್ಥವಾಗುತ್ತದೆ ಎಂಬುದನ್ನು ನೆನಪಿಡಬೇಕು.

ಯೋಜನೆಗಳ ಹೆಸರು ಬದಲಾಗುತ್ತವೆ, ಮೊತ್ತ ಬದಲಾಗುತ್ತದೆ. ಯಾವುದು ನಮ್ಮ ಮಕ್ಕಳಿಗೆ ಹಿತ ಎಂದು ನಿರ್ಧರಿಸುವವರು ವಿಜಯವಾಡ, ಅಮರಾವತಿಯಲ್ಲಿದ್ದಾರೆ. ಕೋಸಿಗಿಯ ರೈಲು ನಿಲ್ದಾಣದಲ್ಲಿ ಗಂಟುಮೂಟೆಯೊಂದಿಗೆ ಕುಳಿತ ಮಗುವನ್ನು ಅವರು ಕಾಣುವುದು ನಾವು ಬರೆದ ಪುಸ್ತಕದ ಮೂಲಕ ಮಾತ್ರ.

ಅಭ್ಯಾಸ

1. ಯೋಜನೆ ಬಂದ ನಂತರ ನಿಮ್ಮ ಶಾಲೆಯ ದಾಖಲಾತಿ ಏರಿದ್ದರೆ, ಅದಕ್ಕೆ ಹಣವಲ್ಲದೆ ಬೇರೆ ಯಾವ ಕಾರಣಗಳಿರಬಹುದು? ಪಟ್ಟಿ ಮಾಡಿರಿ.
2. ನಿಮ್ಮ ತರಗತಿಯ ಮಕ್ಕಳನ್ನು 3ನೆಯ ವಿಭಾಗದಲ್ಲಿ ಹೇಳಿದ ಮೂರು ಬಗೆಗಳಾಗಿ ವಿಂಗಡಿಸಿರಿ. ಶೇ. 75ರ ಷರತ್ತು ಯಾವ ಬಗೆಯ ಮಕ್ಕಳ ಮೇಲೆ ಪರಿಣಾಮ ಬೀರಿದೆ?
3. ಜೂನ್‌ನಲ್ಲಿ ಒಂದೇ ಕಂತಿಗೆ ಬದಲಾಗಿ ಜೂನ್ ಮತ್ತು ನವೆಂಬರ್‌ನಲ್ಲಿ ಎರಡು ಕಂತುಗಳಲ್ಲಿ ಹಣ ನೀಡಿದರೆ ಏನಾಗಬಹುದು? ಅದನ್ನು ಪರೀಕ್ಷಿಸುವ ಬಗೆಯನ್ನು ಸೂಚಿಸಿರಿ.
4. ಬೇಯಿಸಿದ ಊಟ ಮತ್ತು ತಿಂಗಳ ಅಕ್ಕಿ, ಈ ಎರಡು ಕ್ರಮಗಳಲ್ಲಿ ಶಿಕ್ಷಕರ ಹೊಣೆ ಹೇಗೆ ಭಿನ್ನವಾಗಿದೆ? ಸಹೋದ್ಯೋಗಿಗಳೊಂದಿಗೆ ಚರ್ಚಿಸಿರಿ.
5. ಚಟುವಟಿಕೆ: ಕಳೆದ ಮೂರು ವರ್ಷಗಳ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಹಾಜರಾತಿಯನ್ನು ಮಗುವಾರು ಬರೆದು, ಆ ತಿಂಗಳುಗಳಲ್ಲಿ ನೀವು ಸ್ವತಃ ಕಂಡ ಗುಳೆಯೊಂದಿಗೆ ಅದು ಹೊಂದುತ್ತದೆಯೇ ಎಂದು ತಾಳೆ ನೋಡಿರಿ. ಹೊಂದದಿದ್ದರೆ ಕಾರಣವನ್ನು ನಿಮಗಾಗಿ ಮಾತ್ರ ಬರೆದಿಟ್ಟುಕೊಳ್ಳಿರಿ.